ಬಿದಿರ ಗೋಡೆ ಏರಿದ ಹೆಗ್ಗಣ

ನಮ್ಮ ತವರಿನ ಕಡೆ ಬಿದಿರಿಗೆ ಎರಡೇ ದೊಡ್ಡ ಕೆಲಸ. ಮದುವೆಯಾದರೆ ಹಂದರ, ಸತ್ತರೆ ಚಟ್ಟ. ನಡುವೆ ಬುಟ್ಟಿ, ಮೊರ, ಏಣಿ ಅಂತ ಇದ್ದವು ನಿಜ, ಆದರೆ ಬುಟ್ಟಿ ನೋಡಿ ಬಿದಿರನ್ನು ನೆನೆಯುವಷ್ಟು ಪುರುಸೊತ್ತು ಯಾರಿಗಿತ್ತು? ನಾನು ಅಣ್ಣಿಗೇರಿಯವಳು. ಕರಿಮಣ್ಣಿನ ಬಯಲು, ಕೈ ಚಾಚಿದಷ್ಟು ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮನೆ ಅಂದರೆ ಅಷ್ಟೇ ಅಂತ ತಿಳಿದಿದ್ದೆ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಬಮ್ಮಿಗಟ್ಟಿ ಹತ್ತಿರದ ಒಂದು ಹಳ್ಳಿಗೆ ಬಂದೆ. ಅಲ್ಲಿನ ಮೊದಲ ಬೇಸಿಗೆಯಲ್ಲಿ ನನ್ನ ಗಂಡ ಹಿತ್ತಿಲಲ್ಲಿ ಕೂತು ಬಿದಿರು ಸೀಳಿದ ದಬ್ಬೆಗಳನ್ನು ಏಣಿಯ ಹಾಗೆ ಅಡ್ಡಡ್ಡ ಕಟ್ಟುತ್ತಿದ್ದದ್ದನ್ನು ನೋಡಿದಾಗ ನನ್ನ ಎದೆ ಧಸಕ್ಕೆಂದಿತು.

"ಅಯ್ಯ ಶಿವನ, ಯಾರ ಹೋದ್ರರೀ?" ಎಂದು ಕೇಳಿಯೇಬಿಟ್ಟೆ.

ಅವರು ತಲೆ ಎತ್ತಿ ನನ್ನನ್ನು ನುಂಗುವಂತೆ ನೋಡಿದರು. "ಯಾರೂ ಹೋಗಿಲ್ಲ. ನಿನ್ನ ಕ್ವಾಣಿ ಗ್ವಾಡಿಯೊಳಗ ಹಾಕಾಕ ಕಟ್ಟಾಕತ್ತೇನಿ. ಒಂದರ ಛಲೋ ಮಾತ ಬಾಯಾಗ ಬರೂದಿಲ್ಲೇನ ನಿನಗ?"

ನಿನ್ನ ಕೋಣೆ! ಆ ಮಾತು ಕೇಳಿ ಚಟ್ಟವೂ ಮರೆತುಹೋಯಿತು, ಬೈಗುಳವೂ ಮರೆತುಹೋಯಿತು. ಆ ಮನೆಯ ಸ್ಥಿತಿ ಹೇಳದಿದ್ದರೆ ನನ್ನ ಸಂತೋಷ ಯಾರಿಗೂ ತಿಳಿಯದು. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಒಂದು ಬದಿಗೆ ದನ, ಒಳಗೆ ನಡುಮನೆ, ಅದರ ಹಿಂದೆ ಅಡುಗೆಮನೆ. ಇದ್ದ ಒಂದೇ ಕೋಣೆ ಭಾವ ಮತ್ತು ನೆಗೆಣ್ಣಿಯದು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಮತ್ತು ಮಕ್ಕಳು ನಡುಮನೆಯಲ್ಲಿ ಸಾಲಾಗಿ ಮಲಗುವುದು. ಸೀರೆ ಬದಲಿಸಬೇಕಾದರೆ ಕಾಳಿನ ಚೀಲಗಳ ಸಂದಿ. ಅಳಬೇಕು ಅನಿಸಿದರೆ ಎತ್ತಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ಹೋಗಬೇಕು, ಅಲ್ಲೂ ಯಾರಾದರೂ ಬಂದು "ಯಾಕವಾ?" ಅಂತ ಕೇಳುವವರೇ. ಗಂಡನ ಜೊತೆ ನಾಲ್ಕು ಮಾತಾಡಲು ಕಟ್ಟಿಗೆ ಒಟ್ಟುವ ಗುಡಿಸಲಿಗೆ ಹೋಗುತ್ತಿದ್ದೆವು. ಅದನ್ನು ಮನೆಯವರೆಲ್ಲ ಬಲ್ಲರು, ಯಾರೂ ಬಾಯಿ ಬಿಡುತ್ತಿರಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆ. ನನಗೆ ಬಂಗಾರ ಬೇಕಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು ಬೇಕಿತ್ತು.

ಬಿದಿರು ಯಾಕೆ ಬಂತೆಂದರೆ, ಹಿತ್ತಿಲ ಕಡೆ ನೆಲ ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿ ಯಾವ ಮಣ್ಣಿನ ಗೋಡೆ ಕಟ್ಟಿದರೂ ಮೂಲೆಯಲ್ಲಿ ಬಿರುಕು ಬಿಡುತ್ತಿತ್ತು. ನನ್ನ ಗಂಡ ಒಮ್ಮೆ ಕಲಘಟಗಿಗೆ ಸೈಕಲ್ ಹೊಡೆದುಕೊಂಡು ಹೋದಾಗ ಯಾರೋ ಸಾಹೇಬರು ಬಯಲಲ್ಲಿ ಒಂದು ಗೋಡೆ ಕಟ್ಟಿ, ಒಳಗೆ ಬಿದಿರು ಕೂರಿಸಿ, ಜನರನ್ನು ಕರೆದು ತೋರಿಸುತ್ತಿದ್ದರಂತೆ. ಸಿಮೆಂಟಿಗೆ ಕಬ್ಬಿಣ ಹೇಗೋ ಮಣ್ಣಿಗೆ ಬಿದಿರು ಹಾಗೆ ಎಂದರಂತೆ. ಇವರು ಅಲ್ಲಿಂದ ಮೈಮೇಲೆ ದೇವರು ಬಂದವರ ಹಾಗೆ ತಿರುಗಿ ಬಂದರು.

"ಮಣ್ಣಾಗ ಕಟಗಿ ಹುಗದ್ರ ಒರ್ಲಿ ತಿಂತೈತೋ ಇಲ್ಲೋ?" ಎಂದು ಮಾವ ಕೇಳಿದರು. ಒರ್ಲಿ ಅಂದರೆ ಗೆದ್ದಲು.

"ಕತ್ತಲ ಪಕ್ಷದಾಗ ಕಡದು, ಕೆರಿಯಾಗ ನೆನಿ ಹಾಕಿದ್ರ ತಿನ್ನೂದಿಲ್ಲಪ್ಪಾ."

"ಕತ್ತಲ ಪಕ್ಷದಾಗ ಕಡದದ್ದು ಅಂತ ಒರ್ಲಿಗೆ ಯಾರ ಹೇಳತಾರ?"

ಹೀಗೆ ಶುರುವಾದದ್ದು ಗೋಡೆ ಮುಗಿಯುವವರೆಗೂ ಮುಗಿಯಲಿಲ್ಲ. ಬಿದಿರಿನ ಸಿಪ್ಪೆಯ ಕಡೆ ಹೊರಗಿರಬೇಕೋ ಒಳಗಿರಬೇಕೋ? ಗೋಡೆ ಕಟ್ಟಲು ಬಂದಿದ್ದ ಗೌಂಡಿ ಕಾಕಾ ಒಳಗೆ ಅಂದ, ನನ್ನ ಗಂಡ ಹೊರಗೆ ಅಂದರು, ಮಾವ ಎರಡೂ ಬೇಡ ಅಂದರು. ಪುಂಡಿ ನಾರಿನಿಂದ ಕಟ್ಟಬೇಕೋ ತಂತಿಯಿಂದಲೋ? ಕೆರೆಯಿಂದ ತೆಗೆದ ಮೇಲೆ ಎಷ್ಟು ಒಣಗಿಸಬೇಕು? ಒಬ್ಬೊಬ್ಬರದು ಒಂದೊಂದು. ನಾನು ನೀರು ಹೊರುತ್ತ ಎಲ್ಲರ ಮಾತಿಗೂ ಹೂಂ ಹೂಂ ಅನ್ನುತ್ತಿದ್ದೆ. ಕೇಳಿದಾಗ ಎಲ್ಲರದೂ ಖರೇ ಅನಿಸುತ್ತಿತ್ತು. ಆಚೆ ಹೋದರೆ ತಲೆಯಲ್ಲಿ ಬರೀ ರಾಡಿ.

ಒಂದು ವಿಷಯದಲ್ಲಿ ಮಾತ್ರ ಅತ್ತೆ ಬಾಯಿ ಹಾಕಿದರು, ಅದೂ ಒಂದೇ ಸಲ. ಹಿತ್ತಿಲ ತುದಿಯಲ್ಲಿ ಒಂದು ಮಣ್ಣಿನ ದಿಬ್ಬವಿತ್ತು. ಅದರ ಮೇಲೆ ವರ್ಷವೂ ಹೀರೆಬಳ್ಳಿ ಹಬ್ಬಿಸುತ್ತಿದ್ದರು. ಹೊಸ ಗೋಡೆಗೆ ಆ ಮಣ್ಣನ್ನೇ ತೆಗೆಯೋಣ ಎಂದು ಮಾವ ಹೇಳಿದಾಗ ಅತ್ತೆ, "ಆ ಮಣ್ಣ ಬ್ಯಾಡ್ರಿ" ಎಂದರು.

"ಯಾಕ ಬ್ಯಾಡ? ಪಳಗಿದ ಮಣ್ಣ ಅದು. ಹಳೇ ಗ್ವಾಡಿ ಮಣ್ಣಿನಂಥಾ ಮಣ್ಣ ಎಲ್ಲಿ ಸಿಗತೈತಿ?"

ಅತ್ತೆ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸೊಸೆಯಾದವಳು ಹೊಸದರಲ್ಲಿ ಅಂಥದ್ದೆಲ್ಲ ಕೇಳುವುದಿಲ್ಲ.

ಇನ್ನೊಂದು ಮಾತು. ಪಾಯ ಅಗೆಯುವ ಮುಂಜಾನೆ ಮಾವ ಗುದ್ದಲಿಗೆ ಅರಿಸಿನ ಹಚ್ಚಿ, ನಡುಮನೆಯ ಕಡೆ ಮುಖ ಮಾಡಿ, ಊರಿಗೆ ಕೇಳುವ ಹಾಗೆ ಕೇಳಿದ್ದರು: "ಮನ್ಯಾಗ ಯಾರೂ ಬಸರಿಲ್ಲಲಾ?" ಮನೆಯ ಹೆಂಗಸು ಬಸುರಿದ್ದಾಗ ನೆಲ ಅಗೆಯಬಾರದು, ಗೋಡೆ ಎಬ್ಬಿಸಬಾರದು, ಎಬ್ಬಿಸಿದರೆ ಕೂಸಿಗೆ ಕೇಡು ಎಂಬುದು ಆ ಮನೆಯಲ್ಲಿ ಎದುರು ಮಾತಿಲ್ಲದ ಕಟ್ಟು. ನಡುವೆ ಗೊತ್ತಾದರೂ ಅಷ್ಟೇ, ಕೆಲಸ ಅಲ್ಲಿಗೇ ನಿಲ್ಲಬೇಕು. ಬಾಗಿಲ ಹಿಂದೆ ನಿಂತಿದ್ದ ನೆಗೆಣ್ಣಿಯೂ ನಾನೂ ಇಲ್ಲ ಎಂದು ತಲೆ ಅಲ್ಲಾಡಿಸಿದೆವು. ನಾನು ಸುಳ್ಳು ಹೇಳಲಿಲ್ಲ. ಅವತ್ತು ನನಗೆ ಗೊತ್ತಿದ್ದದ್ದು ಅಷ್ಟೇ.

ಗೋಡೆ ಏಳತೊಡಗಿತು. ದಿಬ್ಬದ ಮಣ್ಣಿಗೆ ಭತ್ತದ ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು, ಕೊಳೆಸಿ, ಎತ್ತಿನಿಂದ ತುಳಿಸುತ್ತಿದ್ದರು. ಮೊಣಕಾಲೆತ್ತರ ಒಂದು ಸುತ್ತು ಕಟ್ಟುವುದು, ಅದರ ಮೇಲೆ ದಬ್ಬೆಯ ಏಣಿ ಮಲಗಿಸುವುದು, ಅದು ಮುಚ್ಚುವ ಹಾಗೆ ಮಣ್ಣು ಮೆತ್ತಿ ಒಣಗಲು ಬಿಡುವುದು, ಮತ್ತೆ ಇನ್ನೊಂದು ಸುತ್ತು. ಮೂಲೆಗಳಲ್ಲಿ ಪಾಯದಿಂದಲೇ ಎದ್ದ ಇಡೀ ಬಿದಿರಿನ ಗಳಗಳು ಗೋಡೆಯ ನೆತ್ತಿಯ ಮೇಲೆ ಇಣುಕುತ್ತಿದ್ದವು.

ಮತ್ತು ಆ ವಾಸನೆ! ಹೇಗೆ ಹೇಳಲಿ? ಮಳೆ ಬಿದ್ದ ನೆಲದ ವಾಸನೆಯಲ್ಲ ಅದು, ಅದಕ್ಕಿಂತ ಹುಳಿ, ಅದಕ್ಕಿಂತ ತಂಪು. ಮೊದಮೊದಲು ಹಿತವಾಗಿತ್ತು. ಆಮೇಲೆ ಬಾಯಲ್ಲಿ ನೀರು ಬರತೊಡಗಿತು. ರೊಟ್ಟಿ ಬಡಿಯುತ್ತ ಕೂತವಳಿಗೆ ಅಲ್ಲಿಂದ ಎದ್ದು ಹೋಗಿ ಗೋಡೆ ನೆಕ್ಕಬೇಕು ಅನಿಸುತ್ತಿತ್ತು. ನನಗೇ ನನ್ನ ಮೇಲೆ ಸಿಟ್ಟು ಬಂತು, ಇದೇನು ಹುಚ್ಚು ಅಂತ.

ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಹಾಗಾಗಿ ಮಣ್ಣು ತುಳಿಸುವುದಿಲ್ಲ, ಗೌಂಡಿ ಕಾಕಾ ಬರುವುದಿಲ್ಲ. ಒಂದು ಸೋಮವಾರ ಹಿತ್ತಿಲಿಗೆ ಹೋದವಳು ಗೋಡೆಯ ಮುಂದೆ ನಿಂತೆ. ಎದೆಯೆತ್ತರದಲ್ಲಿ, ಒಳಗೆ ದಬ್ಬೆ ಹೋದ ಗುಂಟ, ಮಣ್ಣು ಸ್ವಲ್ಪ ಸಡಿಲಾಗಿತ್ತು. ಉಗುರು ತಾಕಿಸಿದೆ. ಒಂದು ಚೂರು ಬಂತು. ಬಾಯಿಗೆ ಹಾಕಿಕೊಂಡೆ. ದೇವರಾಣೆ, ಅದರಂಥ ರುಚಿ ನಾನು ಹೋಳಿಗೆಯಲ್ಲೂ ಕಂಡಿಲ್ಲ.

ಆಮೇಲೆ ಸೋಮವಾರಕ್ಕೆ ಕಾಯಲಿಲ್ಲ. ಹೋದಾಗ ಬಂದಾಗ ಒಂದು ಚೂರು. ಬೇರೆ ಕಡೆ ಮಣ್ಣು ಗಟ್ಟಿ, ದಬ್ಬೆಯ ಗುಂಟ ಮಾತ್ರ ಸುಲಭವಾಗಿ ಬರುತ್ತಿತ್ತು, ಹಾಗಾಗಿ ಅಲ್ಲೇ. ಮುಟ್ಟು ನಿಂತದ್ದೂ ಆಗಲೇ ಲಕ್ಷ್ಯಕ್ಕೆ ಬಂತು. ಆದರೆ ಮದುವೆಯಾದಾಗಿನಿಂದ ಹೊಸ ನೀರಿಗೆ ನನ್ನ ಲೆಕ್ಕ ಹಿಂದೆ ಮುಂದೆ ಆಗುತ್ತಲೇ ಇತ್ತು. ಬಸುರೋ? ಅಲ್ಲವೋ? ಬಸುರಾದ್ದರಿಂದ ಮಣ್ಣು ತಿನ್ನುತ್ತಿದ್ದೇನೋ, ಮಣ್ಣು ತಿಂದದ್ದರಿಂದ ಹೊಟ್ಟೆ ಕೆಟ್ಟಿದೆಯೋ? ಯಾರನ್ನು ಕೇಳುವುದು? ಕೇಳಿದರೆ ಕೆಲಸ ನಿಲ್ಲುತ್ತದೆ. ಮಿರಗದ ಮಳೆ, ಅಂದರೆ ಮೃಗಶಿರದ ಮಳೆ, ಹತ್ತಿರ ಬರುತ್ತಿತ್ತು. ಹಂಚಿಲ್ಲದ ಮಣ್ಣಿನ ಗೋಡೆ ಮಳೆಯಲ್ಲಿ ಎಷ್ಟು ದಿನ ನಿಂತೀತು?

ಒಂದು ಮುಂಜಾನೆ ಮಾವನ ಕೂಗು ಕೇಳಿ ಎಲ್ಲರೂ ಹಿತ್ತಿಲಿಗೆ ಓಡಿದೆವು. ಅವರು ಗೋಡೆಯ ಮುಂದೆ ಕೈ ಸೊಂಟದ ಮೇಲಿಟ್ಟು ನಿಂತಿದ್ದರು. ದಬ್ಬೆಯ ಗುಂಟ ಸಾಲಾಗಿ ಕುಳಿಗಳು. ಒಂದೆರಡು ಕಡೆ ಬಿದಿರು ಹಲ್ಲು ಕಿರಿದ ಹಾಗೆ ಕಾಣುತ್ತಿತ್ತು. ನಾನು ಇಷ್ಟು ತಿಂದಿದ್ದೇನೆಯೇ? ನನಗೇ ನಂಬಿಕೆ ಬರಲಿಲ್ಲ.

"ನೋಡ್ರಿ ನಿಮ್ಮ ಸಾಹೇಬನ ಗ್ವಾಡಿ! ಮಣ್ಣ ಬಿದರ ಹಿಡಿಯಾಕ ತಯಾರಿಲ್ಲ, ಉಗಳಾಕತ್ತೈತಿ," ಎಂದರು ಮಾವ.

ಗೌಂಡಿ ಕಾಕಾ ಬಗ್ಗಿ ನೋಡಿದ. "ಹಸೇ ಬಿದರ ನೀರ ಕುಡದು ಉಬ್ಬೈತಿ. ಈಗ ಒಣಗಿ ಸಣ್ಣ ಆಗೇತಿ. ನಡಕ ಸಂದಿ ಬಿಟ್ಟೈತ್ರಿ."

"ಹಸೇದಲ್ಲ ಅದು! ನೀ ಮಣ್ಣ ಸರಿ ಮೆತ್ತಿಲ್ಲ," ಎಂದು ನನ್ನ ಗಂಡ ಅವನ ಮೇಲೆ ಎಗರಿದರು.

"ನಾ ಮೆತ್ತಿಲ್ಲ? ಗ್ವಾಡಿ ಕಟ್ಟಿ ಕಟ್ಟಿ ಕೂದಲಾ ಬೆಳ್ಳಗಾದ್ವು ನಂದು!"

ಮಾವ ಇಬ್ಬರ ನಡುವೆ ಕೈ ಅಡ್ಡ ಹಿಡಿದರು. "ಸಾಕ್ ಬಿಡ್ರಿ. ನಾಳಿಂದ ಇದನ್ನ ಕೆಡವೂದು. ಬಿದರೆಲ್ಲಾ ಕಿತ್ತ ಒಗೀರಿ. ಮಳಿ ಮುಗದ ಮ್ಯಾಲ, ದೀಪಾವಳಿ ಆದಿಂದ, ನಮ್ಮ ಹಿರ್ಯಾರು ಕಟ್ಟಿದಂಗ ಕಟ್ಟೂಣು."

ನನ್ನ ಗಂಡನ ಮುಖ ಸಣ್ಣದಾಯಿತು. ಅವರು ಗೋಡೆ ಮುಟ್ಟಿ ನೋಡಿದರು, ದಬ್ಬೆ ಅಲ್ಲಾಡಿಸಿ ನೋಡಿದರು. ತಿಂಗಳುಗಟ್ಟಲೆ ಊರವರ ನಗೆ ತಡೆದುಕೊಂಡು ಕಟ್ಟಿದ್ದ ಗೋಡೆ ಅದು.

ನಾನು ಬಾಗಿಲಲ್ಲಿ ನಿಂತು ಬೆವೆತೆ. ಬಿದಿರಿನ ತಪ್ಪಿಲ್ಲ, ನಾನು ತಿಂದೆ ಎಂದರೆ ಯಾಕೆ ತಿಂದೆ ಎನ್ನುತ್ತಾರೆ. ಬಯಕೆ ಎಂದರೆ ಬಸುರು. ಬಸುರು ಎಂದರೆ ಕೆಲಸ ಬಂದ್, ಮಳೆಗೆ ಗೋಡೆ ಕರಗುತ್ತದೆ. ಸುಮ್ಮನಿದ್ದರೆ ನಾಳೆ ಕೆಡವುತ್ತಾರೆ. ಹೇಳಿದರೂ ಕೋಣೆ ಹೋಯಿತು, ಹೇಳದಿದ್ದರೂ ಹೋಯಿತು. ಇನ್ನೂ ದೊಡ್ಡ ಗೊಂದಲವೆಂದರೆ, ನಾನು ಕಿತ್ತದ್ದರಿಂದ ಸಡಿಲಾಯಿತೋ, ಸಡಿಲಿದ್ದದ್ದರಿಂದ ಕಿತ್ತೆನೋ, ಅದು ನನಗೇ ಗೊತ್ತಿರಲಿಲ್ಲ. ಗೌಂಡಿ ಕಾಕಾ ಹೇಳಿದ್ದೂ ಖರೇ ಇದ್ದೀತು. ಹಾಗಿದ್ದರೆ ಆ ಗೋಡೆಯ ಒಳಗೆ ಮಲಗುವುದು ಹೇಗೆ? ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

ಅಷ್ಟರಲ್ಲಿ ಅತ್ತೆ ಸಗಣಿ ಕೈಯಲ್ಲೇ ಕೊಟ್ಟಿಗೆಯಿಂದ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಕುಳಿಗಳ ಮುಂದೆ ನಿಂತು ಒಂದೊಂದನ್ನೂ ನೋಡಿದರು. ಒಂದರಲ್ಲಿ ಬೆರಳು ಇಟ್ಟರು. ಆಮೇಲೆ ತಿರುಗಿ ನನ್ನನ್ನು ನೋಡಿದರು, ಮುಖವನ್ನಲ್ಲ, ಕೈಯನ್ನು. ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಹೆಗ್ಗಣ ಅದು," ಎಂದರು ಅತ್ತೆ.

"ಹೆಗ್ಗಣಾ?" ಮಾವ ಕಣ್ಣರಳಿಸಿದರು. "ಎದಿಮಟಾ ಏರಿ ಗ್ವಾಡಿ ತಿನ್ನೂ ಹೆಗ್ಗಣಾ?"

"ಯಾಕ ಏರೂದಿಲ್ಲ? ಒಳಗ ನಿಮ್ಮ ಮಗಾ ಏಣಿ ಹಚ್ಚಿ ಕೊಟ್ಟಾನಲ್ರಿ."

ಗೌಂಡಿ ಕಾಕಾ ಬಾಯಿಗೆ ಟವೆಲು ಅಡ್ಡ ಹಿಡಿದ. ನನ್ನ ಗಂಡನಿಗೆ ಹೋದ ಜೀವ ಬಂತು. "ಹೌದ್ ನೋಡ್ರಿ, ಹೆಗ್ಗಣಾನ! ಬಿದರಿಂದೇನೂ ತಪ್ಪಿಲ್ಲ!" ಮಾವ ಗೋಡೆ ನೋಡಿದರು, ಹೆಂಡತಿಯನ್ನು ನೋಡಿದರು. ಹೊರಗಿನವನ ಮುಂದೆ ಹೆಂಡತಿಯ ಜೊತೆ ಹೆಗ್ಗಣದ ಸಲುವಾಗಿ ಜಗಳಾಡುವುದು ಅವರಿಗೆ ಮರ್ಯಾದೆ ಅನಿಸಲಿಲ್ಲವೇನೋ. "ಹಂಗಾರ ಬೋನಾ ಇಡ್ರಿ. ಬೀಳಲಿಲ್ಲ ಅಂದ್ರ ಗ್ವಾಡಿ ಕೆಡವತೇನಿ," ಎಂದು ಹೊರಟರು. ಅತ್ತೆ ಅಲ್ಲೇ ನಿಂತು ಸಗಣಿ ಮಣ್ಣು ಕಲಸಿ ಕುಳಿಗಳನ್ನೆಲ್ಲ ಮೆತ್ತಿ ಸಾರಿಸಿಬಿಟ್ಟರು.

ಮರುದಿನ ಬೋನಿನಲ್ಲಿ ನಿಜಕ್ಕೂ ಒಂದು ಹೆಗ್ಗಣ ಬಿದ್ದಿತ್ತು! ಕೊಬ್ಬಿದ ಹೆಗ್ಗಣ, ಮೀಸೆ ಕುಣಿಸುತ್ತ ಕೂತಿತ್ತು. ಮಾವ ಸೋತರು, ನನ್ನ ಗಂಡ ಊರೆಲ್ಲ ಹೇಳಿಕೊಂಡು ಬಂದರು. ಅದನ್ನು ನೋಡಿ ನನಗೆ ತಲೆ ತಿರುಗಿತು. ಹಾಗಾದರೆ ಎಲ್ಲ ಕುಳಿಗಳೂ ನನ್ನವಲ್ಲವೋ? ನಾನೂ ಹೆಗ್ಗಣವೂ ಪಾಳಿಯ ಮೇಲೆ ತಿನ್ನುತ್ತಿದ್ದೆವೋ? ಇದಕ್ಕೆ ಇವತ್ತಿನವರೆಗೂ ನನಗೆ ಉತ್ತರ ಸಿಕ್ಕಿಲ್ಲ.

ಆ ಮಧ್ಯಾಹ್ನ ಅತ್ತೆ ನನ್ನನ್ನು ಪಾತ್ರೆ ತಿಕ್ಕುವ ನೆವದಲ್ಲಿ ಹಿತ್ತಿಲಿಗೆ ಕರೆದರು. ದಿಬ್ಬದಲ್ಲಿ ಅಗೆದು ಉಳಿದ ಮಣ್ಣಿನ ಪಕ್ಕ ಕೂತರು.

"ಎಷ್ಟ ದಿನಾ ಆದ್ವು?"

"ಗೊತ್ತಿಲ್ರಿ ಅತ್ತಿ. ಹೌದೋ ಅಲ್ಲೋ ಅನ್ನೂದೂ ಗೊತ್ತಿಲ್ರಿ." ಹೇಳುತ್ತಲೇ ಅಳು ಬಂತು.

"ಹೌದು," ಎಂದರು ಅವರು, ನನ್ನ ಪರವಾಗಿ. "ಯಾರ ಮುಂದರ ಹೇಳೀಯೇನ? ನನ್ನ ಮಗನ ಮುಂದ?"

"ಇಲ್ರಿ."

"ಹಂಚ ಹೊಚ್ಚೂತನಕಾ ಹೇಳಬ್ಯಾಡ. ಯಾರ ಮುಂದೂ."

ನಾನು ಬೆಚ್ಚಿದೆ. ಆ ಮನೆಯಲ್ಲಿ ಎಲ್ಲ ಕಟ್ಟುಪಾಡು ಕಾಯುವವರು ಅವರೇ. "ಕೂಸಿಗೆ ಏನರ ಆದ್ರ?"

ಅತ್ತೆ ಒಂದು ಮಣ್ಣಿನ ಹೆಂಟೆ ಎತ್ತಿ ಕೈಯಲ್ಲಿ ಪುಡಿ ಮಾಡುತ್ತ ಕೂತರು.

"ನಾ ಹೇಳಿದ್ನಿ ಬೇ. ನನಗೂ ಒಂದ ಕ್ವಾಣಿ ಕಟ್ಟಾಕತ್ತಿದ್ರು. ಇಲ್ಲೇ, ಈ ದಿಬ್ಬಾ ಐತಲಾ, ಇಲ್ಲೇ. ಗ್ವಾಡಿ ನೆತ್ತಿಮಟಾ ಬಂದಿತ್ತು. ನಾ ಹುಚ್ಚಿ, ಖುಷಿಲೇ ನಮ್ಮತ್ತಿ ಮುಂದ ಹೇಳಿಬಿಟ್ನಿ. ಅವತ್ತ ಗುದ್ದಲಿ ಕೆಳಗಿಟ್ರು. ಮಳಿ ಹತ್ತಿತು. ದಿನಾ ಅಡಗಿಮನಿ ಬಾಗಲದಾಗ ಕುಂತ ನೋಡತಿದ್ನಿ, ಕರಗೂದನ್ನ. ಶ್ರಾವಣದಾಗ ದಿಬ್ಬಾ ಆತು."

"ಕೂಸು?"

"ಗ್ವಾಡಿ ನಿಂದ್ರಿಸಿದ್ರ ಕೂಸ ಉಳಿತೈತಿ ಅಂದಿದ್ರು." ಅವರು ಕೈಯ ಮಣ್ಣು ಕೊಡವಿದರು. "ಅದೂ ಉಳೀಲಿಲ್ಲ."

"ಮತ್ತ ಯಾಕ ಕಟ್ಟಲಿಲ್ರಿ?" ಎಂದು ಪೆದ್ದಿಯ ಹಾಗೆ ಕೇಳಿದೆ.

"ಒಂದ ವರ್ಷ ಮೈದುನನ ಲಗ್ನಾ, ಒಂದ ವರ್ಷ ನಿಮ್ಮ ಭಾವ ಹೊಟ್ಟ್ಯಾಗ. ಆಮ್ಯಾಲ ಯಾರಿಗಿ ನೆಪ್ಪಿರತೈತಿ? ಕ್ವಾಣಿ ಅಂತ ಒಂದ ಆತು, ಅದು ಹಿರೇ ಸೊಸಿಗಿ ಹೋತು." ಆಮೇಲೆ ಮಡಿಲಿನಿಂದ ಹುಣಸೆಕಾಯಿ ತೆಗೆದು ನನ್ನ ಕೈಗೆ ಹಾಕಿದರು. "ಬಾಯಿ ಕೇಳಿದ್ರ ಇದನ್ನ ತಿನ್ನು. ನನ್ನ ಮಗನ ಗ್ವಾಡಿ ಬಿಡು. ಆ ಮಣ್ಣ ಎಷ್ಟ ರುಚಿ ಅಂತ ನನಗೂ ಗೊತ್ತೈತಿ."

ನಾನು ಇಷ್ಟು ದಿನ ತಿಂದದ್ದು ಅವರ ಗೋಡೆಯ ಮಣ್ಣು. ಅವರೂ ಅದನ್ನೇ ತಿಂದಿದ್ದರು. ಹೆದರಬೇಕೋ, ಅವರ ಕೈ ಹಿಡಿದು ಅಳಬೇಕೋ? ಅವರ ಮಾತು ಕೇಳುವುದು ಧೈರ್ಯವೋ ದೊಡ್ಡ ಪಾಪವೋ? ಗೊತ್ತಾಗದೆ ಪಾತ್ರೆ ತಿಕ್ಕತೊಡಗಿದೆ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ.

ಗೋಡೆ ನೆತ್ತಿ ಮುಟ್ಟಿತು. ಜಂತಿ ಏರಿತು, ಹಂಚು ಹೊಚ್ಚಿದರು, ಬಾಗಿಲು ಕೂರಿಸಿದರು, ಒಳಗಿನಿಂದ ಚಿಲಕವೂ ಬಂತು. ಅದಾದ ಮೇಲೆ ಅತ್ತೆಯೇ ಒಂದು ದಿನ ಪಡಸಾಲೆಯಲ್ಲಿ ಎಲ್ಲರೆದುರು, ಆಗಷ್ಟೇ ತಿಳಿದವರ ಹಾಗೆ, "ಸಣ್ಣಾಕಿಗಿ ಮುಟ್ಟ ನಿಂತಾವಂತ" ಎಂದರು. ಮಾವ ಹಂಚಿನ ಕಡೆ ಒಮ್ಮೆ ನೋಡಿ, ಸದ್ಯ ಮುಗಿಯಿತು ಎಂದು ಕೈ ಮುಗಿದರು. ಮುಂದೆ ಅಣ್ಣಿಗೇರಿಯಲ್ಲಿ ಮಗಳು ಹುಟ್ಟಿದಳು. ದಿನ ತುಂಬುವ ಮೊದಲೇ ಹುಟ್ಟಿಯೂ ಎಷ್ಟು ದುಂಡಗಿದ್ದಾಳೆ ಎಂದು ಬೀಗರೆಲ್ಲ ಆಶ್ಚರ್ಯಪಟ್ಟರು, ಅತ್ತೆ ಎಲ್ಲರಿಗಿಂತ ಜೋರಾಗಿ ಆಶ್ಚರ್ಯಪಟ್ಟರು. ಗೋಡೆಯ ಮೂಲೆ ಬಿರಿಯಲಿಲ್ಲ. ನನ್ನ ಗಂಡ ಅದೆಲ್ಲ ಬಿದಿರಿನ ಪ್ರತಾಪ ಅನ್ನುತ್ತಾರೆ. ಇದ್ದೀತು.

ಆದರೆ ನನಗೆ ನೆನಪಿರುವುದು ಆ ವರ್ಷದ ಮಿರಗದ ಮೊದಲ ಮಳೆ. ಮಧ್ಯಾಹ್ನ ಒಮ್ಮೆಗೇ ಕತ್ತಲು ಕವಿದು, ಹೊಡೆಯತೊಡಗಿತು. ನನ್ನ ಜೀವವೆಲ್ಲ ಹಿತ್ತಿಲ ಕಡೆ. ಸೆರಗು ತಲೆಗೆಳೆದುಕೊಂಡು ಓಡಿದೆ. ಅಲ್ಲಿ ಆಗಲೇ ಅತ್ತೆ ಇದ್ದರು. ಕೋಣೆಯೊಳಗೆ, ಆ ಕುಳಿಗಳಿದ್ದ ಜಾಗಕ್ಕೆ ಅಂಗೈ ಒತ್ತಿ ನಿಂತಿದ್ದರು. ಹಂಚಿನ ಮೇಲೆ ಮಳೆಯ ಸದ್ದು ಜೋರಾಗಿತ್ತು. ಗೋಡೆ ಒಣಗಿಯೇ ಇತ್ತು.

"ನಿಂತೈತ್ರಿ ಅತ್ತಿ," ಎಂದೆ.

ಅವರು ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಕೆಳಗೆ ಕೂತರು. ಕಾಲು ಚಾಚಿದರು. ಅವರು ಕಾಲು ಚಾಚಿ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಲೆಯ ಸೆರಗು ಜಾರಿ ಹೆಗಲ ಮೇಲೆ ಬಿತ್ತು, ಹಾಗೇ ಬಿಟ್ಟರು.

"ಬಾಗಲಾ ಮುಂದ ಮಾಡ್ಕೊಂಡ ಹೋಗವಾ," ಎಂದರು.

ಹೊರಗೆ ಬಂದು ಬಾಗಿಲು ಎಳೆದೆ. ಒಳಗೆ ಅತ್ತೆ ಎದ್ದ ಸದ್ದು, ಆಮೇಲೆ ಚಿಲಕ ಬಿದ್ದ ಸದ್ದು ಕೇಳಿತು. ನಾನಿನ್ನೂ ಒಂದು ಸಲವೂ ಹಾಕಿರದ ಚಿಲಕ. ಹೋಗಬೇಕೋ ನಿಲ್ಲಬೇಕೋ ತಿಳಿಯದೆ ಸೂರಿನ ಕೆಳಗೆ ನೆನೆಯುತ್ತ ನಿಂತೆ. ಒಳಗೆ ಅಳುತ್ತಿದ್ದರೋ, ಸುಮ್ಮನೆ ಕೂತಿದ್ದರೋ, ಮಳೆಯಲ್ಲಿ ಏನೂ ಕೇಳಿಸಲಿಲ್ಲ.

"ಅಲ್ಲೇ ನಿಂತೀಯೇನ ಬೇ?" ಎಂದರು ಒಳಗಿನಿಂದ.

"ಹೌದ್ರಿ."

"ಹೋಗು. ಯಾರರ ಕೇಳಿದ್ರ ಅತ್ತಿ ಎಲ್ಲ್ಯಾಳ ಗೊತ್ತಿಲ್ಲ ಅನ್ನು."